ಗುಂಪು ಮೆಂಟರಿಂಗ್ ಎಂದರೇನು?

ಮಾತುಮಾತಿಗೆ ರೇಗಿ ಕೈ ಎತ್ತುವ ಹುಡುಗ, ಯಾರೊಡನೆಯೂ ಬೆರೆಯದ ಹುಡುಗಿ, ಜೊತೆಗೆ ಇನ್ನಿಬ್ಬರು. ವಾರಕ್ಕೊಮ್ಮೆ ನಂಬಿಕಸ್ಥ ಹಿರಿಯರೊಬ್ಬರ ಸಂಗಡ ಕೂತು ಕೇರಂ ಆಡುತ್ತಾರೆ, ಹರಟುತ್ತಾರೆ. ಗುಂಪು ಮೆಂಟರಿಂಗ್ ಹೊರನೋಟಕ್ಕೆ ಇಷ್ಟೇ. ಆ ಹಿರಿಯರೇ ಮೆಂಟರ್; ಅವರು ಟ್ಯೂಷನ್ ಟೀಚರೂ ಅಲ್ಲ, ಚಿಕಿತ್ಸೆ ಕೊಡುವವರೂ ಅಲ್ಲ.

ಈ ಪದ್ಧತಿಯ ಹಳೆಯ ರೂಪ ಒಬ್ಬ ಮಗುವಿಗೆ ಒಬ್ಬ ಹಿರಿಯ. 1904ರಲ್ಲಿ ನ್ಯೂಯಾರ್ಕಿನ ಕೋರ್ಟ್ ಗುಮಾಸ್ತ ಅರ್ನೆಸ್ಟ್ ಕೌಲ್ಟರ್, ಕಟಕಟೆಗೆ ಬಂದ ಹುಡುಗರಿಗೆ ಹೀಗೆ ಹಿರಿಯರನ್ನು ಹುಡುಕಿಕೊಟ್ಟರು. ಅಷ್ಟು ಜನ ಎಲ್ಲಿ ಸಿಗುತ್ತಾರೆ? ಗುಂಪು ಮಾಡಲು ಅದೊಂದು ಕಾರಣ. ಆದರೆ ಸರದಿ ಕಾಯುವುದು, ಸೋಲು ನುಂಗುವುದು, ಜಗಳವಾಡಿದವನೊಡನೆ ಮತ್ತೆ ಮಾತಾಡುವುದು ಓರಗೆಯವರ ನಡುವೆಯೇ ಕಲಿಯಬೇಕಾದವು.

ಅಪಾಯವೂ ಅಲ್ಲೇ ಇದೆ. ಒಬ್ಬ ತಾನು ಕಳ್ಳತನ ಮಾಡಿದ ಕಥೆ ಹೇಳಿದಾಗ ಉಳಿದವರು ನಕ್ಕರೆ ಆ ನಗುವೇ ಅವನಿಗೆ ಬಹುಮಾನ. ಮುಂದಿನ ವಾರ ಇನ್ನೊಬ್ಬ ಇನ್ನೂ ದೊಡ್ಡ ಕಥೆ ತರುತ್ತಾನೆ. ಹುಡುಗರು ಅಪರಾಧದ ದಾರಿ ಹಿಡಿಯದಿರಲೆಂದು ಅಮೆರಿಕದಲ್ಲಿ 1939ರಲ್ಲಿ ಶುರುವಾದ ಕೇಂಬ್ರಿಡ್ಜ್–ಸಾಮರ್‌ವಿಲ್ ಪ್ರಯೋಗದ ಹುಡುಗರನ್ನು ಅಪರಾಧಶಾಸ್ತ್ರಜ್ಞೆ ಜೋನ್ ಮೆಕಾರ್ಡ್ ದಶಕಗಳ ನಂತರ ಹುಡುಕಿ ನೋಡಿದರು. ನೆರವು ಪಡೆದವರ ಗತಿಯೇ ಪಡೆಯದವರಿಗಿಂತ ಕೆಟ್ಟಿತ್ತು. ಓರಗೆಯವರೊಡನೆ ಬೇಸಿಗೆ ಶಿಬಿರಕ್ಕೆ ಮತ್ತೆ ಮತ್ತೆ ಹೋದವರ ಗತಿ ಇನ್ನೂ ಕೆಟ್ಟಿತ್ತು. ಆದ್ದರಿಂದ 'ತಂಟೆಕೋರರನ್ನೆಲ್ಲ ಒಂದೇ ಬ್ಯಾಚಿಗೆ ಹಾಕಿ' ಎನ್ನುವುದು ನನ್ನ ಮಟ್ಟಿಗೆ ಶುದ್ಧ ಅವಿವೇಕ.

ನಮ್ಮ ಮುಂಬೈಯಲ್ಲಿ ಇಂಥ ಗುಂಪು ನಡೆಸಲು ಹೊಸ ಕಟ್ಟಡವೇನೂ ಬೇಡ. ಮಾಟುಂಗಾ, ಡೊಂಬಿವಿಲಿಯ ಕನ್ನಡ ಸಂಘಗಳ ಸಭಾಂಗಣಗಳಿವೆ, ಪಾಲಿಕೆಯ ಕನ್ನಡ ಶಾಲೆಗಳಿವೆ. ಯಕ್ಷಗಾನ ತರಗತಿಗೆ ಬರುವ ಮಕ್ಕಳ ನಡುವೆ ಇಬ್ಬರು ಮೂವರು ಕಷ್ಟದಲ್ಲಿರುವವರನ್ನು, ಹಣೆಪಟ್ಟಿ ಹಚ್ಚದೆ, ಸೇರಿಸಿಕೊಂಡರಾಯಿತು. ಮನೆಯಲ್ಲಿ ತುಳುವೋ ಕನ್ನಡವೋ, ಬಿಲ್ಡಿಂಗಿನಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮರಾಠಿ ಆಡುವ ಮಗು ಅಳುವಾಗ ಆಡುವ ಮಾತು ಮೆಂಟರ್‌ಗೆ ಅರ್ಥವಾಗುವುದು ಸಣ್ಣ ಸಂಗತಿಯಲ್ಲ. (ಕಾರ್ಯದರ್ಶಿಗಳೇ, ದಯವಿಟ್ಟು ಉದ್ಘಾಟನೆ, ಹಾರ, ಭಾಷಣ ಬೇಡ.)

ತನಗೆ ತಾನೇ ಗಾಯ ಮಾಡಿಕೊಳ್ಳುವ, ಸಾಯುವ ಮಾತಾಡುವ ಮಗುವನ್ನು ಗುಂಪಿನ ಪಾಲಿಗೆ ಬಿಡಬಾರದು. ಮನೋವೈದ್ಯರ ಬಳಿಗೆ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಉಚಿತ. ಮೆಂಟರ್ ಆಗಲು ಹೊರಟವರು ಒಂದು ವರ್ಷವಾದರೂ ನಿಲ್ಲಲು ಸಿದ್ಧರಿರಬೇಕು. ಮೂರು ತಿಂಗಳೊಳಗೆ ಕಡಿದುಹೋದ ಒಡನಾಟದಿಂದ ಮಕ್ಕಳ ಆತ್ಮವಿಶ್ವಾಸ ಇನ್ನಷ್ಟು ಕುಸಿದದ್ದನ್ನು ಸಂಶೋಧಕರು ಕಂಡಿದ್ದಾರೆ.