ಅಷ್ಟೊಂದು ಬಾಬಿನ್‌ಗಳಲ್ಲಿ ಯಾವುದು ಯಾವುದೆಂದು ಗೊತ್ತಾಗುವುದು ಹೇಗೆ?

ಪ್ರಶ್ನೆ: ಬಾಬಿನ್ ಲೇಸ್, ಅಂದರೆ ದಾರ ಸುತ್ತಿದ ಪುಟ್ಟ ಕಡ್ಡಿಗಳಿಂದ (ಬಾಬಿನ್) ದಿಂಬಿನ ಮೇಲೆ ಲೇಸ್ ಹೆಣೆಯುವ ವಿಡಿಯೊ ನೋಡಿದೆ. ದಿಂಬಿನ ತುಂಬ ಬಾಬಿನ್‌ಗಳು! ಯಾವುದನ್ನು ಯಾವಾಗ ಎತ್ತಬೇಕೆಂದು ನೆನಪಿಡುವುದು ಹೇಗೆ? ನನ್ನಂಥವರಿಗೆ ಇದು ಬಂದೀತೇ?

ಉತ್ತರ: ಖಂಡಿತ ಬರುತ್ತದೆ. ನೆನಪಿಡುವ ಕಷ್ಟವೇ ಇಲ್ಲಿಲ್ಲ. ದಿಂಬಿನ ಮೇಲೆ ನೂರು ಬಾಬಿನ್ ಇದ್ದರೂ ಒಂದು ಸಲಕ್ಕೆ ಕೈಗೆ ಬರುವುದು ನಾಲ್ಕೇ, ಅಂದರೆ ಎರಡು ಜೋಡಿ. ಉಳಿದವು ಸರದಿ ಬರುವವರೆಗೆ ಪಕ್ಕದಲ್ಲಿರುತ್ತವೆ.

ಆ ನಾಲ್ಕನ್ನು ಎಡದಿಂದ 1, 2, 3, 4 ಎಂದು ಎಣಿಸಿ. ಸಂಖ್ಯೆ ಜಾಗಕ್ಕೆ, ಬಾಬಿನ್‌ಗಲ್ಲ. ಪ್ರತಿ ಸಲ ಸರಿಸಿದ ಮೇಲೆ ಮತ್ತೆ ಎಡದಿಂದಲೇ ಎಣಿಕೆ. 2ನ್ನು 3ರ ಮೇಲೆ ದಾಟಿಸಿದರೆ ಕ್ರಾಸ್. 2ನ್ನು 1ರ ಮೇಲೆ, 4ನ್ನು 3ರ ಮೇಲೆ ದಾಟಿಸಿದರೆ ಟ್ವಿಸ್ಟ್. ಇಷ್ಟೇ! ಕ್ರಾಸ್, ಟ್ವಿಸ್ಟ್ ಮಾಡಿದರೆ ಜಾಳಾದ ಹಾಫ್ ಸ್ಟಿಚ್. ಅದಕ್ಕೆ ಇನ್ನೊಂದು ಕ್ರಾಸ್ ಸೇರಿಸಿದರೆ ಬಟ್ಟೆಯ ಹಾಗೆ ಒತ್ತಾದ ಕ್ಲಾತ್ ಸ್ಟಿಚ್. ಇಂಗ್ಲೆಂಡಿನ ಹಾನಿಟನ್ ಲೇಸ್‌ನ ನವಿರಾದ ಹೂಗಳೂ ಹುಟ್ಟುವುದು ಈ ಎರಡೇ ಚಲನೆಗಳಿಂದ ಎಂಬುದು ನನಗೆ ಇಂದಿಗೂ ಬೆರಗು.

ಮುಂದೆ ಎಲ್ಲಿಗೆ ಹೋಗಬೇಕೆಂದು ಹೇಳುವುದು ದಿಂಬಿಗೆ ಹಚ್ಚಿದ, ತೂತು ಚುಚ್ಚಿದ ಕಾರ್ಡು. ಆಯಾ ತೂತಿಗೆ ಗುಂಡುಸೂಜಿ ಚುಚ್ಚಿ ಹೆಣಿಗೆಯನ್ನು ಹಿಡಿದು ನಿಲ್ಲಿಸುತ್ತೀರಿ.

ಕಲಿಯುವಾಗ ಒಂದು ಉಪಾಯ ಮಾಡಿ. ಕ್ಲಾತ್ ಸ್ಟಿಚ್‌ನಲ್ಲಿ ಒಂದೇ ಜೋಡಿ ಉಳಿದೆಲ್ಲ ಜೋಡಿಗಳನ್ನು ಹಾದು ಅತ್ತಿತ್ತ ಓಡಾಡುತ್ತದೆ. ಅದಕ್ಕೆ ಮಾತ್ರ ಕೆಂಪು ದಾರ ಸುತ್ತಿ, ಉಳಿದದ್ದೆಲ್ಲ ಬಿಳಿ ಇರಲಿ. ಸಾಲಿನ ನಡುವೆ ಕೆಂಪು ಎಳೆಯೊಂದು ಕೆಳಕ್ಕಿಳಿದು ಬಿಳಿ ಎಳೆ ಅಡ್ಡ ಹೊರಟಿದ್ದರೆ, ತಪ್ಪಿದ್ದು ಅಲ್ಲೇ. ಕತ್ತರಿ ಬೇಡ, ಮಾಡಿದ ಚಲನೆಗಳನ್ನೇ ಹಿಂದುಮುಂದಾಗಿ ಮಾಡುತ್ತಾ ಬಿಚ್ಚಿಕೊಂಡು ಹೋಗಿ.

ಬಾಬಿನ್ ಕೊಳ್ಳುವಾಗ ಅಂದಕ್ಕೆ ಮರುಳಾಗಬೇಡಿ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಬಾಬಿನ್‌ಗಳ ತುದಿಯ ಮಣಿಗಳು ಬರಿಯ ಅಲಂಕಾರವಲ್ಲ. ಅವು ದಾರಕ್ಕೆ ಬಿಗಿ ಕೊಡುತ್ತವೆ, ಬಾಬಿನ್ ಉರುಳದಂತೆ ತಡೆಯುತ್ತವೆ. ಹಾನಿಟನ್‌ನವಕ್ಕೆ ಮಣಿ ಇಲ್ಲ. ಅಲ್ಲಿ ಬಾಬಿನ್ ದಾರದ ಸಣ್ಣ ಕುಣಿಕೆಯೊಳಗೇ ತೂರಿ ಹೋಗಬೇಕು, ಹಾಗಾಗಿ ಸಪೂರ ಮೈ, ಚೂಪು ತುದಿ. ಮೊದಲಿಗೆ ಹತ್ತು ಹನ್ನೆರಡು ಜೋಡಿ ಸಾಕು, ಟಾರ್ಶನ್ ಎಂಬ ಸರಳ ಲೇಸ್ ಮಾದರಿಯ ಕಿರಿದಾದ ಅಂಚು ಹೆಣೆಯಬಹುದು. ಒಂದೇ ದಾರದ ಎರಡು ತುದಿಗಳನ್ನು ಎರಡು ಬಾಬಿನ್‌ಗೆ ಸುತ್ತಿ. ಆರಂಭದಲ್ಲಿ ಗಂಟು ಬೀಳುವುದಿಲ್ಲ.

ಸ್ಲೊವೇನಿಯಾದ ಇದ್ರಿಯಾ ಪಟ್ಟಣದಲ್ಲಿ 1876ರಲ್ಲಿ ಶುರುವಾದ ಲೇಸ್ ಶಾಲೆ ಈಗಲೂ ಇದೆ. ಅಲ್ಲಿ ಪುಟ್ಟ ಮಕ್ಕಳೂ ಹೆಣೆಯುತ್ತಾರೆ.