ಆಳದ ನೀರು ಹೆಚ್ಚು ಎತ್ತುತ್ತದೆಯೇ?

ಓದುಗರ ಪ್ರಶ್ನೆ: ಮೊಳೆ ಬಾವಿಗೆ ಬಿದ್ದರೆ ಮುಳುಗುತ್ತದೆ, ಪಣಂಬೂರು ಬಂದರಿಗೆ ಬರುವ ಅಷ್ಟು ದೊಡ್ಡ ಕಬ್ಬಿಣದ ಹಡಗು ತೇಲುತ್ತದೆ. ಇದಕ್ಕೆ ಸಮುದ್ರದ ಆಳವೇ ಕಾರಣವಲ್ಲವೇ?

ಪ್ರಶ್ನೆಯ ಮೊದಲ ಭಾಗಕ್ಕೆ ಮತ್ತೆ ಮತ್ತೆ ಉತ್ತರಿಸಿಯಾಗಿರುವುದರಿಂದ ಚುಟುಕಾಗಿ ಹೇಳುತ್ತೇನೆ. ನೀರಿಗಿಳಿದ ವಸ್ತು ಎಷ್ಟು ನೀರನ್ನು ಸರಿಸುತ್ತದೆಯೋ, ಅಷ್ಟು ನೀರಿನ ತೂಕಕ್ಕೆ ಸಮನಾದ ಬಲದಿಂದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿಯೇ ಆರ್ಕಿಮಿಡೀಸ್ ಇದನ್ನು ಹೇಳಿದ್ದಾನೆ. 10 ಕಿಲೋ ಕಬ್ಬಿಣದ ಗಟ್ಟಿ ಸುಮಾರು 1.3 ಲೀಟರ್ ನೀರನ್ನಷ್ಟೇ ಸರಿಸುತ್ತದೆ, ಆದ್ದರಿಂದ ಮುಳುಗುತ್ತದೆ. ಅದೇ ಕಬ್ಬಿಣವನ್ನು ತಗಡಾಗಿ ಬಡಿದು ದೊಡ್ಡ ಬೋಗುಣಿ ಮಾಡಿದರೆ, 10 ಲೀಟರ್ ನೀರು ಸರಿಯುವಷ್ಟು ಇಳಿದು ಅಲ್ಲಿಗೆ ನಿಲ್ಲುತ್ತದೆ. ಹಡಗಿನ ವಿಚಾರವೂ ಇಷ್ಟೇ.

ತೊಂದರೆಯಿರುವುದು ಎರಡನೆಯ ಭಾಗದಲ್ಲಿ. ಆಳವಿದ್ದಷ್ಟೂ ನೀರಿಗೆ ಹೊರುವ ಶಕ್ತಿ ಹೆಚ್ಚು ಎಂಬ ನಂಬಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ. ಮಲ್ಪೆಯ ದಕ್ಕೆಯಲ್ಲಿ ಬೋಟಿಗೆ ಮಂಜುಗಡ್ಡೆ ತುಂಬುವವರಾರೂ ನನ್ನೊಡನೆ ಈ ವಾದ ಹೂಡಿದ್ದಿಲ್ಲ. ಹೂಡುವವರೆಲ್ಲ ಹೈಸ್ಕೂಲಿನಲ್ಲಿ ಒತ್ತಡದ ಪಾಠವನ್ನು ಅರ್ಧ ಓದಿದವರು. ಆಳಕ್ಕೆ ಹೋದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬುದು ನಿಜ, ಆದರೆ ಆ ಒತ್ತಡ ವಸ್ತುವಿನ ಅಡಿಯಲ್ಲಿ ಮಾತ್ರವಲ್ಲ, ತಲೆಯ ಮೇಲೂ ಹೆಚ್ಚುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಎಲ್ಲ ಬದಿಯೂ 10 ಸೆಂಟಿಮೀಟರ್ ಇರುವ ಒಂದು ಕಲ್ಲಿನ ತುಂಡನ್ನು 1 ಮೀಟರ್ ಆಳದಲ್ಲಿ ಹಿಡಿದರೆ, ನೀರು ಅದರ ಮೇಲ್ಮುಖವನ್ನು 10 ಕಿಲೋ ತೂಕದಷ್ಟು ಬಲದಿಂದ ಕೆಳಕ್ಕೂ, ಕೆಳಮುಖವನ್ನು 11 ಕಿಲೋದಷ್ಟು ಬಲದಿಂದ ಮೇಲಕ್ಕೂ ಒತ್ತುತ್ತದೆ. 50 ಮೀಟರ್ ಆಳದಲ್ಲಿ ಈ ಲೆಕ್ಕ 500 ಮತ್ತು 501 ಆಗುತ್ತದೆ. ಎರಡೂ ಆಳಗಳಲ್ಲಿ ಉಳಿಯುವ ವ್ಯತ್ಯಾಸ ಒಂದೇ ಕಿಲೋ.

ಮುಳುಗಿದ ಹಡಗು ನಡುನೀರಿನಲ್ಲಿ ಎಲ್ಲೋ ತೂಗುತ್ತಾ ನಿಲ್ಲುತ್ತದೆ ಎನ್ನುವುದೂ ಇದೇ ನಂಬಿಕೆಯ ಮರಿ. ಹಾಗೆ ನಿಲ್ಲಬೇಕಾದರೆ ಅಲ್ಲಿನ ನೀರು ನೀರು ತುಂಬಿದ ಹಡಗಿನಷ್ಟೇ ದಟ್ಟವಾಗಿರಬೇಕು, ಆದರೆ 4 ಕಿಲೋಮೀಟರ್ ಆಳದಲ್ಲಿಯೂ ನೀರು ಸುಮಾರು ಶೇಕಡಾ 2ರಷ್ಟು ಮಾತ್ರ ದಟ್ಟವಾಗುತ್ತದೆ. 1912ರಲ್ಲಿ ಮುಳುಗಿದ ಟೈಟಾನಿಕ್ ಸುಮಾರು 3,800 ಮೀಟರ್ ಆಳದ ತಳದಲ್ಲಿಯೇ ಬಿದ್ದಿದೆ.

ಹಾಗಾದರೆ ಪಣಂಬೂರಿನಲ್ಲಿ ಹೂಳೆತ್ತುವುದೇಕೆ ಎಂದು ಕೇಳುವಿರಿ. ಹಡಗಿನ ತಳ ಮರಳಿಗೆ ತಾಗಬಾರದೆಂದು, ಅಷ್ಟೇ. ತಾಗದಿದ್ದರೆ ತಳದಡಿಯಲ್ಲಿ ಒಂದು ಗೇಣು ನೀರಿದ್ದರೂ ತೇಲುವುದಕ್ಕೆ ಸಾಕು. ನಂಬದವರು ಒಂದರೊಳಗೊಂದು ಅರ್ಧ ಸೆಂಟಿಮೀಟರ್ ಸಂದು ಬಿಟ್ಟು ಕೂರುವ, ಬದಿ ನೇರವಾಗಿರುವ ಎರಡು ಪಾತ್ರೆಗಳನ್ನು ಹುಡುಕಿ, ದೊಡ್ಡದರಲ್ಲಿ ಅರ್ಧ ಲೀಟರ್ ನೀರು ಹಾಕಿ, ಚಿಕ್ಕದರಲ್ಲಿ 2 ಕಿಲೋ ಕುಚ್ಚಲಕ್ಕಿ ತುಂಬಿ ಇಳಿಸಿ ನೋಡಬಹುದು. ನೀರು ಸಂದಿನಲ್ಲಿ ಮೇಲೇರಿ, ತನಗಿಂತ ನಾಲ್ಕು ಪಟ್ಟಿಗೂ ಹೆಚ್ಚು ತೂಕವನ್ನು ಎತ್ತಿ ಹಿಡಿಯುತ್ತದೆ. ಲೆಕ್ಕಕ್ಕೆ ಬರುವುದು ಎಷ್ಟು ನೀರಿದೆ ಎನ್ನುವುದಲ್ಲ, ನೀರಿನ ಮಟ್ಟಕ್ಕಿಂತ ಕೆಳಗೆ ಪಾತ್ರೆ ಎಷ್ಟು ಜಾಗ ಹಿಡಿದಿದೆ ಎನ್ನುವುದು. ಈ ಪ್ರಯೋಗವನ್ನು ಕಂಡ ಮಕ್ಕಳು ಮತ್ತೆ ಆಳದ ಮಾತೆತ್ತುವುದಿಲ್ಲ; ದೊಡ್ಡವರ ವಿಷಯದಲ್ಲಿ ನನಗೆ ಅಷ್ಟು ಭರವಸೆಯಿಲ್ಲ.

ಯಾರೂ ಕೇಳದಿದ್ದರೂ ನಿಜವಾಗಿ ಕೇಳಬೇಕಾದದ್ದು ಉಪ್ಪಿನ ಕುರಿತು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇಕಡಾ 2.5ರಷ್ಟು ಭಾರ. ಮಳೆಗಾಲ ಮುಗಿದ ಹೊಸತರಲ್ಲಿ, ನದಿಯ ನೀರು ಇನ್ನೂ ಸಿಹಿಯಾಗಿರುವಾಗ, ಮಂಗಳೂರಿನ ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ತುಂಬಿಕೊಂಡು 2 ಮೀಟರ್ ಇಳಿದು ನಿಂತ ಮಂಜಿಯೊಂದು (ಮರದ ಸರಕು ಹಡಗು) ಅಳಿವೆ ದಾಟಿ ಕಡಲಿಗೆ ಹೋದರೆ, ನಾಲ್ಕೈದು ಸೆಂಟಿಮೀಟರ್ ಮೇಲೇಳುತ್ತದೆ. ಕಡಲಿನಿಂದ ಸಿಹಿನೀರಿಗೆ ಬರುವಾಗ ಅಷ್ಟೇ ಇಳಿಯುತ್ತದೆ. ಹಡಗಿಗೆ ಮಿತಿಮೀರಿ ಹೇರುವುದರ ವಿರುದ್ಧ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಹೋರಾಡಿದ್ದರಿಂದ 1876ರಲ್ಲಿ ಬ್ರಿಟನ್ ಕಡ್ಡಾಯಗೊಳಿಸಿದ ಗೆರೆಯೇ ಬೆಳೆದು, ಇಂದು ಸರಕು ಹಡಗುಗಳ ಬದಿಯಲ್ಲಿ ಏಣಿಯಂತೆ ಕಾಣುವ ಗುರುತುಗಳಾಗಿದೆ. ಅದರಲ್ಲಿ ಬೇಸಿಗೆಯ ಕಡಲಿಗೆ, ಚಳಿಗಾಲದ ಕಡಲಿಗೆ, ಉಷ್ಣವಲಯಕ್ಕೆ ಬೇರೆ ಬೇರೆ ಗೆರೆಗಳಿವೆ, ಸಿಹಿನೀರಿನ ಗೆರೆ ಬೇಸಿಗೆಯ ಕಡಲಿನ ಗೆರೆಗಿಂತ ಮೇಲಿದೆ. ಕಡಲು ಎಷ್ಟು ಆಳವೆಂದು ನೋಡಿ ಹಾಕಿದ ಗೆರೆ ಒಂದೂ ಇಲ್ಲ.