ಆರ್ಕೆಸ್ಟ್ರಾ ಸೀಸನ್ ಬಂತು, ಮಕ್ಕಳನ್ನು ಕರೆದುಕೊಂಡು ಹೋಗೋದಾ, ಬಿಟ್ಟು ಹೋಗೋದಾ?

ಪ್ರಶ್ನೆ: ಅಕ್ಕಾ, ನಾನು ತುಮಕೂರಿನ ಒಂದು ಆರ್ಕೆಸ್ಟ್ರಾದಲ್ಲಿ ಹಾಡುತ್ತೇನೆ. ನಮ್ಮ ಮನೆಯವರು ಅದೇ ತಂಡದಲ್ಲಿ ಪ್ಯಾಡ್ (ಎಲೆಕ್ಟ್ರಾನಿಕ್ ಡ್ರಮ್) ನುಡಿಸುತ್ತಾರೆ. ಮಗಳಿಗೆ ಐದು ವರ್ಷ, ಮಗನಿಗೆ ಇನ್ನೂ ಎರಡು ತುಂಬಿಲ್ಲ. ಗಣೇಶನ ಹಬ್ಬಕ್ಕೆ ಶುರುವಾದ ಪ್ರೋಗ್ರಾಂಗಳು ರಾಜ್ಯೋತ್ಸವ ಮುಗಿಯುವ ತನಕ ನಿಲ್ಲುವುದಿಲ್ಲ. ಅತ್ತೆ ನೋಡಿಕೊಳ್ಳುತ್ತಾರೆ, ಆದರೆ ಅವರಿಗೆ ಮಂಡಿ ನೋವು. ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗೋದಾ, ಮನೆಯಲ್ಲಿ ಬಿಟ್ಟು ಹೋಗೋದಾ? ಮಗಳಿಗೂ ಹಾಡುವ ಆಸೆ ಇದೆ, ಸ್ಟೇಜ್ ಹತ್ತಿಸಬಹುದಾ?

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಕೀಬೋರ್ಡಿನವರ ಹೆಂಡತಿ ಕೇಳಿದ್ದಾರೆ, ಆ್ಯಂಕರ್ ಹುಡುಗಿ ಕೇಳಿದ್ದಾಳೆ, ಈಗ ನೀವು. ಗಂಡಸರು ಮಾತ್ರ ಕೇಳುವುದಿಲ್ಲ. ನೀವು ಮತ್ತು ನಿಮ್ಮ ಯಜಮಾನರು ಒಂದೇ ಗಾಡಿಯಲ್ಲಿ ಹೋಗಿ ಒಂದೇ ಗಾಡಿಯಲ್ಲಿ ಬರುತ್ತೀರಿ. ಆದರೂ "ಮಕ್ಕಳನ್ನ ಬಿಟ್ಟು ರಾತ್ರಿಯೆಲ್ಲ ಹೋಗ್ತಾಳೆ" ಅನ್ನೋ ಮಾತು ನಿಮ್ಮ ಬೆನ್ನಿಗೇ ಬೀಳುತ್ತೆ, ಅಲ್ವಾ? ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಇದೆ.

ನೇರವಾಗಿ ಹೇಳುತ್ತೇನೆ. ಮಗನನ್ನು ಈ ಸೀಸನ್ ಪೂರ್ತಿ ಮನೆಯಲ್ಲೇ ಬಿಡಿ. ಮಗಳನ್ನು ಊರೊಳಗಿನ ರಿಸೆಪ್ಷನ್ ತರಹದ, ಹತ್ತಕ್ಕೆಲ್ಲ ಮುಗಿಯುವ ಪ್ರೋಗ್ರಾಂಗೆ ಯಾವಾಗಲೋ ಒಮ್ಮೆ ಕರೆದುಕೊಂಡು ಹೋಗಿ, ಅದೂ ಅವಳನ್ನೇ ನೋಡಿಕೊಳ್ಳಲು ಒಬ್ಬರು ಜೊತೆಗಿದ್ದರೆ. ಆದರೆ ಕರೆದುಕೊಂಡು ಹೋಗೋದಾ ಬಿಡೋದಾ ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಮಾರನೇ ದಿನ ಬೆಳಿಗ್ಗೆ ಮಕ್ಕಳ ಜೊತೆ ಯಾರು ಎದ್ದಿರುತ್ತಾರೆ?

ಪಾವಗಡದಲ್ಲಿ ಪ್ರೋಗ್ರಾಂ ಅಂದುಕೊಳ್ಳಿ. ತುಮಕೂರಿನಿಂದ ಮಧುಗಿರಿ ಮೇಲೆ ಸುಮಾರು 100 ಕಿ.ಮೀ. ಸೌಂಡ್ ಚೆಕ್ ಇರುವುದರಿಂದ ಮಧ್ಯಾಹ್ನವೇ ಹೊರಡುತ್ತೀರಿ. ಪಾಂಪ್ಲೆಟ್‌ನಲ್ಲಿ ಸಂಜೆ ಏಳು ಗಂಟೆಗೆ ರಸಮಂಜರಿ ಅಂತ ಇರುತ್ತೆ. ವೇದಿಕೆ ಕಾರ್ಯಕ್ರಮ, ಹಾರ, ಶಾಲು, ಭಾಷಣ, ಮತ್ತೆ ಹಾರ, ಇಷ್ಟು ಮುಗಿದು ಮೈಕ್ ನಿಮ್ಮ ಕೈಗೆ ಬರುವಷ್ಟರಲ್ಲಿ ಒಂಬತ್ತೂವರೆ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಊರಹಬ್ಬದ ಕಮಿಟಿಯವರು ಇದನ್ನು ಎಷ್ಟು ಪಾಲಿಸುತ್ತಾರೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಹನ್ನೆರಡಕ್ಕೇ ಮುಗಿಯಿತು ಅಂತಲೇ ಇಟ್ಟುಕೊಳ್ಳೋಣ. ವೈರ್ ಸುತ್ತಬೇಕು, ಸ್ಪೀಕರ್ ಬಾಕ್ಸ್ ಗಾಡಿಗೆ ಏರಿಸಬೇಕು, ಪೇಮೆಂಟ್‌ಗೆ ಖಜಾಂಚಿಯನ್ನು ಹುಡುಕಬೇಕು, ಆರಿದ ಅನ್ನ ಸಾರು ಊಟ ಮಾಡಬೇಕು. ಮನೆ ಬಾಗಿಲು ತಟ್ಟುವಾಗ ನಾಲ್ಕು ಗಂಟೆ.

ಅಲ್ಲಿಯ ತನಕ ಮನೆಯಲ್ಲಿ ಅಂಥ ತೊಂದರೆಯೇನೂ ಆಗಿರುವುದಿಲ್ಲ. ಮಕ್ಕಳು ಮಲಗಿರುತ್ತಾರೆ. ಅತ್ತೆ ಒಂದೆರಡು ಸಲ ಎದ್ದಿರಬಹುದು. ತೊಂದರೆ ಶುರುವಾಗುವುದು ಆರೂವರೆಗೆ, ಮಗ ಕಣ್ಣು ಬಿಟ್ಟಾಗ. ಎರಡು ವರ್ಷದ ಮಗುವಿಗೆ ಅಮ್ಮ ಮನೆಯಲ್ಲಿದ್ದಾಳೆ ಅಂದರೆ ಎದ್ದಿದ್ದಾಳೆ ಅಂತಲೇ ಲೆಕ್ಕ. ಬಾಗಿಲು ಹಾಕಿಕೊಂಡು ಮಲಗಿದರೆ ಬಾಗಿಲು ಬಡಿಯುತ್ತಾನೆ. ಮಗಳಿಗೆ ಜಡೆ ಹಾಕಬೇಕು, ಟಿಫನ್ ಬಾಕ್ಸ್ ತುಂಬಬೇಕು, ಸ್ಕೂಲ್ ವ್ಯಾನ್ ಬರುತ್ತೆ. ಅತ್ತೆಗೆ ರಾತ್ರಿ ನಿದ್ದೆಯಿಲ್ಲ, ಮಂಡಿ ಬೇರೆ. ಜಗಳ ಆಗುವುದು ಈ ಹೊತ್ತಿನಲ್ಲೇ. ಸಂಜೆ ಮತ್ತೆ ಗುಬ್ಬಿಯಲ್ಲಿ ಗಣೇಶ ಪೆಂಡಾಲ್ ಇದ್ದರೆ ಮುಗಿಯಿತು, ಗಂಟಲು ಕಟ್ಟಿರುತ್ತೆ. ಹಾಡುವವರಿಗೆ ಕಷಾಯಕ್ಕಿಂತ ನಿದ್ದೆ ಮುಖ್ಯ ಅಂತ ನನ್ನ ನಂಬಿಕೆ. ಮಕ್ಕಳ ನಿದ್ದೆಯ ಲೆಕ್ಕವೂ ಚಿಕ್ಕದಲ್ಲ. ಒಂದರಿಂದ ಎರಡು ವರ್ಷದವರಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರರಿಂದ ಐದು ವರ್ಷದವರಿಗೆ 10ರಿಂದ 13 ಗಂಟೆ ಬೇಕು ಅನ್ನುತ್ತಾರೆ ಡಾಕ್ಟರುಗಳು, ಮಧ್ಯಾಹ್ನದ ನಿದ್ದೆಯೂ ಸೇರಿ. ಜೊತೆಗೆ ಕರೆದುಕೊಂಡು ಹೋದರೆ ಮೊದಲು ಕಳೆದುಹೋಗುವುದು ಇದೇ.

ಹಾಗಾಗಿ ರಾತ್ರಿಗೆ ಜನ ಹುಡುಕುವುದಕ್ಕಿಂತ ಬೆಳಿಗ್ಗೆ ಆರೂವರೆಯಿಂದ ಹನ್ನೊಂದರ ತನಕ ಒಬ್ಬರನ್ನು ಗೊತ್ತು ಮಾಡಿ. ಪಕ್ಕದ ಮನೆಯವರಾದರೂ ಸರಿ, ದುಡ್ಡು ಕೊಟ್ಟೇ ಗೊತ್ತು ಮಾಡಿ. "ನಮ್ಮೋರೇ ಬಿಡಿ" ಅಂತ ಸುಮ್ನೆ ಬಿಟ್ಟರೆ ಮೂರನೇ ವಾರಕ್ಕೆ ಅವರಿಗೂ ಏನೋ ಕೆಲಸ ಬಂದುಬಿಡುತ್ತೆ. ಆ ದುಡ್ಡನ್ನು ನಿಮ್ಮ ಪೇಮೆಂಟ್ ಮಾತಾಡುವಾಗಲೇ ಸೇರಿಸಿಕೊಳ್ಳಿ. ಗಾಡಿ ಬಾಡಿಗೆ, ಊಟ ಎಲ್ಲ ಪ್ರೋಗ್ರಾಂ ಖರ್ಚಾದರೆ ಇದೂ ಪ್ರೋಗ್ರಾಂ ಖರ್ಚೇ. ನಿಮ್ಮ ತಾಯಿಯೋ ಅಕ್ಕನೋ ರಾಜ್ಯದೊಳಗೆ ಎಲ್ಲಾದರೂ ಇದ್ದರೆ ಹಿಂದಿನ ಸಂಜೆ ಬರಹೇಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡ್ ತೋರಿಸಿ ಬರಬಹುದು, ಮಾರನೇ ದಿನ ಮಧ್ಯಾಹ್ನ ಊಟ ಮಾಡಿ ವಾಪಸ್ ಹೋಗಬಹುದು. ಟೌನಿಗೆ ನೂರು ರೂಪಾಯಿ ಖರ್ಚು ಮಾಡಿಕೊಂಡು ಬರಬೇಕಲ್ಲ ಅನ್ನುವ ಸಂಕೋಚ ಅಷ್ಟರ ಮಟ್ಟಿಗೆ ಕಡಿಮೆಯಾಗಿದೆ.

ಹಳ್ಳಿಯಲ್ಲಿರುವ ಕಲಾವಿದರಿಗೆ ಇನ್ನೊಂದು ಮಾತು. ಮೂರರಿಂದ ಆರು ವರ್ಷದ ಮಕ್ಕಳಿಗೆ ಅಂಗನವಾಡಿ ಇದೆ. ಅದಕ್ಕಿಂತ ಚಿಕ್ಕವರಿಗೆ ಹಲವು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅನ್ನುವ ಶಿಶುಪಾಲನಾ ಕೇಂದ್ರ ತೆರೆದಿದ್ದಾರೆ. ಅದು ಶುರುವಾದದ್ದು ನರೇಗಾ ಕೆಲಸಕ್ಕೆ ಹೋಗುವವರ ಮಕ್ಕಳಿಗಾಗಿ, ಆದ್ದರಿಂದ ಪಂಚಾಯಿತಿಯಲ್ಲಿ ಕೇಳಿಯೇ ಹೋಗಿ. ಇವು ರಾತ್ರಿ ತೆರೆದಿರುವುದಿಲ್ಲ ಅಂತ ನಮ್ಮವರು ಯಾರೂ ಆ ಕಡೆ ನೋಡುವುದೇ ಇಲ್ಲ. ನಮಗೆ ಬೇಕಿರುವುದು ಹಗಲು ತಾನೇ?

ಯಜಮಾನರಿಗೂ ಒಂದು ಕೆಲಸ ಇದೆ. ಬರುವಾಗ ಗಾಡಿಯಲ್ಲಿ ಯಾರು ನಿದ್ದೆ ಮಾಡುತ್ತಾರೋ, ಬೆಳಿಗ್ಗೆ ಮಕ್ಕಳು ಅವರ ಪಾಲು. ಹತ್ತು ಗಂಟೆಯ ಮೇಲೆ ಬದಲಾಯಿಸಿಕೊಳ್ಳಿ. ಇದನ್ನು ಹೊರಡುವ ಮುಂಚೆಯೇ ಮಾತಾಡಿಕೊಳ್ಳಬೇಕು. ಬೆಳಗಿನ ನಾಲ್ಕಕ್ಕೆ ಮಾತಾಡಿದರೆ ಅದು ಮಾತಾಗಿರುವುದಿಲ್ಲ.

ಈಗ, ಕರೆದುಕೊಂಡು ಹೋಗುವುದಾದರೆ ಏನು ನೋಡಬೇಕು ಅನ್ನುವ ವಿಷಯ. ಎಲ್ಲಕ್ಕಿಂತ ಮೊದಲು ಕಿವಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ ಕೇಳಲು 80 ಡೆಸಿಬೆಲ್ ಅನ್ನು ಮಿತಿ ಅನ್ನುತ್ತದೆ, ಮಕ್ಕಳಿಗೆ 75. ಶಬ್ದ 3 ಡೆಸಿಬೆಲ್ ಏರಿದರೆ ಕೇಳಬಹುದಾದ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕ ಹಿಡಿದು ಮೇಲೆ ಹೋಗಿ ನೋಡಿ. 99 ಡೆಸಿಬೆಲ್‌ನಲ್ಲಿ ಮಗುವಿನ ಇಡೀ ವಾರದ ಪಾಲು ಒಂಬತ್ತು ಚಿಲ್ಲರೆ ನಿಮಿಷದಲ್ಲಿ ಖಾಲಿ. ಸ್ಟೇಜ್ ಮುಂದೆ ದೊಡ್ಡ ಬಾಕ್ಸ್ ಪಕ್ಕ ಅಷ್ಟು ಶಬ್ದ ಬರಲು ಕಷ್ಟವೇನಿಲ್ಲ. ಎರಡು ಹಾಡು ಮುಗಿಯುವಷ್ಟರಲ್ಲಿ ಒಂದು ವಾರದ ಶಬ್ದ ಮಗುವಿನ ಕಿವಿಗೆ ಹೋಗಿಬಿಟ್ಟಿರುತ್ತದೆ. ಹತ್ತಿ ಇಟ್ಟರೆ ಏನೂ ಪ್ರಯೋಜನ ಇಲ್ಲ. ದೊಡ್ಡವರು ಹಾಕುವ ಸ್ಪಂಜಿನ ಬಿರಡೆಯೂ ಬೇಡ, ಮಕ್ಕಳು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ. ಹೆಡ್‌ಫೋನ್ ತರಹ ತಲೆಯ ಮೇಲಿಂದ ಹಾಕಿ ಎರಡೂ ಕಿವಿ ಪೂರ್ತಿ ಮುಚ್ಚುವಂಥದ್ದು ಮಕ್ಕಳ ಅಳತೆಯಲ್ಲಿ ಸಿಗುತ್ತದೆ. ಇಯರ್‌ಮಫ್ ಅಂತ ಕೇಳಿ. ಅದು ಹಾಕಿದ್ದರೂ ಮಗು ಇರಬೇಕಾದದ್ದು ಸ್ಟೇಜಿನ ಹಿಂದೆ, ಬಾಕ್ಸ್‌ಗಳು ಮುಖ ಮಾಡದ ಕಡೆ. ಗ್ರೀನ್ ರೂಮ್ ಅಂತ ಕೊಡುವ ಶಾಲೆಯ ಕೊಠಡಿ ದೂರದಲ್ಲಿದ್ದರೆ ಅದೇ ಒಳ್ಳೆಯದು. ಜನರೇಟರ್ ಪಕ್ಕ ಮಾತ್ರ ಮಲಗಿಸಬೇಡಿ, ಅದರ ಹೊಗೆ ಶಬ್ದಕ್ಕಿಂತ ಅಪಾಯ. ಅಂದ ಹಾಗೆ, ಮಾನಿಟರ್ (ಹಾಡುವವರ ಕಡೆ ಮುಖ ಮಾಡಿದ ಸ್ಪೀಕರ್) ಎದುರು ನಿಲ್ಲುವ ನಿಮ್ಮ ಕಿವಿಯೂ ಕಿವಿಯೇ.

ಎರಡನೆಯದು ಗಾಡಿ. ಟಿಟಿಯಲ್ಲಿ, ಅಂದರೆ ಟೆಂಪೋ ಟ್ರಾವೆಲರ್‌ನಲ್ಲಿ, ಹಿಂದಿನ ಸೀಟು ಮಡಚಿ ಬಾಕ್ಸ್, ಸ್ಟ್ಯಾಂಡ್, ಕೀಬೋರ್ಡ್ ತುಂಬಿರುತ್ತಾರೆ. ಅವುಗಳನ್ನು ಹಗ್ಗ ಹಾಕಿ ಬಿಗಿಯದಿದ್ದರೆ ಒಂದು ಜೋರು ಬ್ರೇಕಿಗೆ ಅಷ್ಟೂ ಮುಂದಕ್ಕೆ ಬರುತ್ತೆ. ಮಗು ತೊಡೆಯ ಮೇಲಿದ್ದರೆ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ ಅನ್ನುವುದು ಸುಮ್ನೆ ಧೈರ್ಯ. ಆ ಹೊತ್ತಿಗೆ ಯಾರ ಕೈಗೂ ಅಷ್ಟು ಬಲ ಇರುವುದಿಲ್ಲ, ನಿದ್ದೆ ಬೇರೆ ಹತ್ತಿರುತ್ತೆ. 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಕೂರಿಸದೆ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 1,000 ರೂಪಾಯಿ ದಂಡ. ದಂಡ ಹಾಕುವವರು ಅರ್ಧರಾತ್ರಿ ಮಧುಗಿರಿ ರಸ್ತೆಯಲ್ಲಿ ನಿಂತಿರುವುದಿಲ್ಲ, ನಿಜ. ಆದರೂ ಬೆಲ್ಟ್ ಇಲ್ಲದ ಗಾಡಿಗೆ ಮಗುವನ್ನು ಹತ್ತಿಸಬೇಡಿ. ಇನ್ನೊಂದು, ಡ್ರೈವರ್ ಪ್ರೋಗ್ರಾಂ ನಡೆಯುವಾಗ ಮಲಗಿದ್ದನಾ ಅಥವಾ ಮುಂದಿನ ಸಾಲಿನಲ್ಲಿ ಕುಣಿಯುತ್ತಿದ್ದನಾ ಅಂತ ವಿಚಾರಿಸಿ. ಬೆಳಗಿನ ಎರಡರಿಂದ ಆರರ ನಡುವೆ ನಿದ್ದೆ ಎಳೆಯುವಷ್ಟು ಬೇರೆ ಯಾವಾಗಲೂ ಎಳೆಯುವುದಿಲ್ಲ. ಹತ್ತಿರದ ಊರು ಅಂತ ಬೈಕಿನಲ್ಲಿ ಹೋಗುವ ಜೋಡಿಗಳೂ ಇದ್ದಾರೆ. 2023ರ ಫೆಬ್ರವರಿಯಿಂದ ನಾಲ್ಕು ವರ್ಷದೊಳಗಿನ ಮಗು ಹಿಂದೆ ಕೂತಿದ್ದರೆ ಮಗುವಿಗೆ ಹೆಲ್ಮೆಟ್, ಓಡಿಸುವವರ ಮೈಗೆ ಮಗುವನ್ನು ಸೇರಿಸಿ ಕಟ್ಟುವ ಬೆಲ್ಟ್ ಎರಡೂ ಕಡ್ಡಾಯ, ವೇಗ 40 ಮೀರುವಂತಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊಸರನ್ನ, ಬಾಳೆಹಣ್ಣು, ಮನೆಯ ನೀರು. ಪೆಂಡಾಲಿನ ಊಟ ಮಕ್ಕಳಿಗೆ ಖಾರ, ಬರುವುದೂ ತಡ. ಕೈಗೂಸು ಇರುವ ತಾಯಂದಿರು ಹಾಲು ಹಿಂಡಿಟ್ಟು ಹೋಗಬಹುದು. 25 ಡಿಗ್ರಿ ಒಳಗಿದ್ದರೆ ಹೊರಗೆ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ. ಏಪ್ರಿಲ್ ಜಾತ್ರೆಯ ಬಿಸಿಲಿಗೆ ಆ ನಾಲ್ಕು ಗಂಟೆಯನ್ನು ನಂಬಬೇಡಿ, ಫ್ರಿಜ್ಜಿಗೇ ಇಡಿ.

"ಗುಬ್ಬಿ ನಾಟಕ ಕಂಪನಿಯವರು ಮಕ್ಕಳು ಮರಿ ಕಟ್ಟಿಕೊಂಡೇ ಊರೂರು ತಿರುಗಲಿಲ್ಲವಾ" ಅಂತ ಹಿರಿಯರು ಕೇಳುತ್ತಾರೆ. ತಿರುಗಿದರು, ನಿಜ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಆ ಕಂಪನಿಗೆ ವೀರಣ್ಣನವರು ಸೇರಿದ್ದೇ ಚಿಕ್ಕ ಹುಡುಗನಾಗಿದ್ದಾಗ. ರಾಜ್‌ಕುಮಾರ್ ಕೂಡ ತಂದೆ ಪುಟ್ಟಸ್ವಾಮಯ್ಯನವರ ಜೊತೆ ಹುಡುಗನಾಗಿಯೇ ಅಲ್ಲಿಗೆ ಬಂದವರು. ಆದರೆ ನಾಟಕ ಕಂಪನಿ ಒಂದು ಊರಿಗೆ ಹೋದರೆ ಅಲ್ಲೇ ಕ್ಯಾಂಪ್ ಹಾಕುತ್ತಿತ್ತು. ವಾರಗಟ್ಟಲೆ ಒಂದೇ ಕಡೆ ಅಡುಗೆ, ಒಂದೇ ಕಡೆ ಹಾಸಿಗೆ. ಪಾತ್ರ ಇಲ್ಲದವರು ಮಕ್ಕಳನ್ನು ನೋಡುತ್ತಿದ್ದರು. ನಾಟಕ ತಡವಾಗಿ ಮುಗಿದರೆ ಇಡೀ ಕ್ಯಾಂಪೇ ತಡವಾಗಿ ಏಳುತ್ತಿತ್ತು. ಹೊರದೇಶದ ಬ್ಯಾಂಡಿನವರಲ್ಲೂ ಇಂಥವರಿದ್ದಾರೆ. 1972ರಲ್ಲಿ ಬೀಟಲ್ಸ್ ಖ್ಯಾತಿಯ ಗಾಯಕ ಪಾಲ್ ಮೆಕಾರ್ಟ್ನಿ ತಮ್ಮ ವಿಂಗ್ಸ್ ತಂಡದ ಜೊತೆ ಯುರೋಪ್ ಸುತ್ತಿದಾಗ ಡಬ್ಬಲ್ ಡೆಕ್ಕರ್ ಬಸ್ಸಿನಲ್ಲಿ ಹೆಂಡತಿ ಮಕ್ಕಳೂ ಇದ್ದರು. ಆ ಬಸ್ಸು ಅವರು ಹೇಳಿದ ಹೊತ್ತಿಗೆ ಹೊರಡುತ್ತಿತ್ತು. ನಮ್ಮದು ಹೋದ ರಾತ್ರಿಯೇ ವಾಪಸ್ ಬರುವ ಕೆಲಸ, ಮನೆಯಲ್ಲಿ ಹಗಲಿನ ಸಂಸಾರ ಹಾಗೇ ಕಾಯುತ್ತಿರುತ್ತದೆ. ಅದಕ್ಕೇ ಅವರನ್ನು ನೋಡಿ ನಾವು ಮಾಡಲು ಆಗುವುದಿಲ್ಲ. ಹುಬ್ಬಳ್ಳಿ ಕಡೆ ಎರಡು ಮೂರು ಪ್ರೋಗ್ರಾಂ ಒಟ್ಟಿಗೆ ಸಿಕ್ಕಿ, ಒಂದೇ ಲಾಡ್ಜಿನಲ್ಲಿ ಉಳಿಯುವಂತಿದ್ದರೆ, ಅತ್ತೆಯೂ ಬರುವುದಾದರೆ, ಆಗ ಇಬ್ಬರೂ ಮಕ್ಕಳನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ರೈಲಿನಲ್ಲಿ ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಮಗಳಿಗೆ ಐದು ತುಂಬಿರುವುದರಿಂದ ಬರ್ತ್ ತೆಗೆದುಕೊಂಡರೆ ಪೂರ್ತಿ ಚಾರ್ಜ್, ಇಲ್ಲದಿದ್ದರೆ ಅರ್ಧ.

ಮಗನನ್ನು ಬಿಟ್ಟು ಹೊರಡುವಾಗ ಕಣ್ಣು ತಪ್ಪಿಸಿ ಹೋಗಬೇಡಿ. ಅಳುತ್ತಾನೆ ಅಂತ ಹಿತ್ತಿಲ ಬಾಗಿಲಿನಿಂದ ಜಾರಿಕೊಂಡರೆ ಮಾರನೇ ದಿನದಿಂದ ನೀವು ಬಚ್ಚಲಿಗೆ ಹೋದರೂ ಸೆರಗು ಹಿಡಿಯುತ್ತಾನೆ. ಅಮ್ಮ ಕಣ್ಮರೆಯಾದರೆ ಹೆದರುವುದು ಹತ್ತು ತಿಂಗಳಿನಿಂದ ಒಂದೂವರೆ ವರ್ಷದ ತನಕ ತೀರಾ ಜಾಸ್ತಿ. ಆಮೇಲೆ ನಿಧಾನವಾಗಿ ಇಳಿಯುತ್ತೆ. "ಅಮ್ಮ ಹಾಡೋಕೆ ಹೋಗ್ತಾಳೆ, ನೀನು ಮಲಗಿ ಏಳೋದ್ರೊಳಗೆ ಬಂದಿರ್ತಾಳೆ" ಅಂತ ಪ್ರತಿ ಸಲ ಅದೇ ಮಾತು ಹೇಳಿ ಹೊರಡಿ. ಮಲಗುವ ಹೊತ್ತಿಗೆ ವಿಡಿಯೋ ಕಾಲ್ ಬೇಡ, ಆರಿದ ಅಳು ಮತ್ತೆ ಹೊತ್ತಿಕೊಳ್ಳುತ್ತೆ. ಮಾತಾಡಬೇಕಿದ್ದರೆ ಊರು ತಲುಪಿದ ತಕ್ಷಣ, ಬೆಳಕಿರುವಾಗಲೇ ಮಾತಾಡಿಬಿಡಿ. ಅತ್ತೆಯ ಮೊಬೈಲಿನಲ್ಲಿ ನಿಮ್ಮ ಜೋಗುಳ ರೆಕಾರ್ಡ್ ಮಾಡಿಟ್ಟು ಹೋಗಿ. ಹಿನ್ನೆಲೆ ಸಂಗೀತದ ಟ್ರ್ಯಾಕ್ ಹಾಕಬೇಡಿ, ಬರೀ ನಿಮ್ಮ ಗಂಟಲು ಸಾಕು.

ತಂಡದ ಓನರ್ ಜೊತೆ ಈ ಮಾತನ್ನೆಲ್ಲ ಆಷಾಢದಲ್ಲೇ ಆಡಬೇಕು. ಮದುವೆ ಇಲ್ಲ, ಜಾತ್ರೆ ಕಡಿಮೆ, ಅವರೂ ಬಿಡುವಾಗಿರುತ್ತಾರೆ. ಜಿಲ್ಲೆ ದಾಟಿ ಹೋಗುವ ಪ್ರೋಗ್ರಾಂಗೆ ನಿಮ್ಮಿಬ್ಬರಲ್ಲಿ ಒಬ್ಬರೇ ಅಂತ ಮಾತಾಗಲಿ. ಪ್ಯಾಡ್‌ಗೆ ಬದಲಿ ಹುಡುಗರು ಸಿಗುತ್ತಾರೆ, ನಿಮ್ಮ ದನಿಗೆ ಬದಲಿ ಸಿಗುವುದು ಕಷ್ಟ. ಹಾಗಾಗಿ ಮನೆಯಲ್ಲಿ ಉಳಿಯಬೇಕಾದದ್ದು ಯಾವಾಗಲೂ ನೀವೇ ಅಂತ ಏನಿಲ್ಲ. ಒಂದು ಪೇಮೆಂಟ್ ಕಡಿಮೆಯಾಗುತ್ತೆ, ಗೊತ್ತು. ಎರಡೂ ಪೇಮೆಂಟ್ ಬೇಕು ಅಂತ ಇಬ್ಬರೂ ಹೋದ ಮನೆಗಳಲ್ಲಿ ಸೀಸನ್ ಮಧ್ಯೆ ಒಬ್ಬರು ಪೂರ್ತಿ ಬಿಟ್ಟಿದ್ದನ್ನು ನೋಡಿದ್ದೇನೆ. ಬಿಟ್ಟವರು ಯಾರು ಅಂತ ಬೇರೆ ಹೇಳಬೇಕಾ? ಮಗನಿಗೆ 16ರಿಂದ 24 ತಿಂಗಳೊಳಗಿನ ಬೂಸ್ಟರ್ ಲಸಿಕೆ, ಮಗಳಿಗೆ ಐದು ವರ್ಷದ ಲಸಿಕೆ ಬಾಕಿ ಇದ್ದರೆ ಸೀಸನ್ ಬಿಸಿ ಏರುವ ಮುಂಚೆ ಹಾಕಿಸಿ. ಲಸಿಕೆಯ ಜ್ವರ ಬರಬೇಕಾದರೆ ನೀವು ಮನೆಯಲ್ಲಿರುವಾಗ ಬರಲಿ.

ಉಳಿದದ್ದು ಮಗಳ ಹಾಡು. ನಿಮ್ಮ ಬೀದಿಯ ಗಣೇಶನ ಮುಂದೆ ಏಳೂವರೆಗೆ ಒಂದು ಹಾಡು ಹೇಳಿ, ಕಡಲೆಕಾಳು ಉಸಲಿ ತಿಂದು ಮಲಗುವುದಾದರೆ ಬೇಡ ಅನ್ನಲು ಕಾರಣವಿಲ್ಲ. ಆದರೆ ಓನರ್ "ಪುಟಾಣಿ ಗಾಯಕಿ" ಅಂತ ಬ್ಯಾನರ್ ಹಾಕಿಸಿ ಪ್ರತಿ ಪ್ರೋಗ್ರಾಂಗೆ ಕರೆಯಲು ಶುರು ಮಾಡಿದರೆ ಅದು ದುಡಿಮೆಯೇ. ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿಯಾದಾಗ ಬಾಲ ಕಲಾವಿದರಿಗೆ ಅವಕಾಶ ಉಳಿಸಿದರು. 2017ರ ನಿಯಮಗಳಲ್ಲಿ ಅದಕ್ಕೆ ಷರತ್ತುಗಳಿವೆ. ದಿನಕ್ಕೆ 5 ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ 3 ಗಂಟೆಗಿಂತ ಹೆಚ್ಚಿಲ್ಲ, ಕಾರ್ಯಕ್ರಮ ನಡೆಸುವವರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು, ಗಳಿಕೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಓನರ್ ಹತ್ತಿರ ಈ ಅನುಮತಿ ಪತ್ರ ಕೇಳಿ ನೋಡಿ. ಬ್ಯಾನರಿನ ಮಾತು ಬಹುಶಃ ಅಲ್ಲಿಗೇ ನಿಲ್ಲುತ್ತದೆ.